ಸದ್ದು ನಿಂತ ಕಾರು

೧೪ ಡಿಸೆಂಬರ್, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಕೆಮ್ಮು ಕಡಿಮೆಯಾಯಿತಾ? ಬರೆಯುವುದು ತಡವಾಯಿತು, ಸಾರಿ. ಮೊದಲು ಪರೀಕ್ಷೆ, ರಜೆಗೆ ಮನೆಗೆ ಬಂದ ಮೇಲೆ ಬೇರೆಯದೇ ಟೆನ್ಷನ್. ಫೋನ್ ಮಾಡಿದರೆ ಅಪ್ಪ ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ಪತ್ರ.

ತಾತನ ಕಾರು ಮಾರುತ್ತಿರುವುದು ನಿನಗೆ ಗೊತ್ತಲ್ಲ. ಓಡಿಸಿದರೆ ಹಿಂಭಾಗದಿಂದ ಊಳಿಡುವಂಥ ಸದ್ದು. ಅಪ್ಪನೂ ನಾನೂ ಶೆಡ್ಡಿನಲ್ಲಿ ಅದರಡಿ ಮಲಗಿ ಹಿಂದಿನ ಚಕ್ರಗಳಿಗೆ ಇಂಜಿನ್ನಿನ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಸವೆದ ಜಾಯಿಂಟ್ ಬದಲಿಸಿದೆವು. "ಇಂಜಿನಿಯರ್ ಮೇಡಂ, ಸ್ಪ್ಯಾನರ್ ದಯಪಾಲಿಸ್ತೀರಾ?" ಎಂದು ಅಪ್ಪ ರೇಗಿಸುತ್ತಿದ್ದರು. ಆದರೂ ಸದ್ದು ಹೋಗಲಿಲ್ಲ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ನಲ್ಲೇ ಗೇರಿನ ಹಲ್ಲು ಸವೆದಿರಬೇಕು, ಬಿಚ್ಚಿ ನೋಡೋಣ ಎಂದೆ. ನಾಳೆ ಎಂದರು. ಮರುದಿನ ನಾನು ಲೈಬ್ರರಿಯಿಂದ ಬರುವಷ್ಟರಲ್ಲಿ ಕಾರು ಬೆಕ್ಕು ನಡೆದ ಹಾಗೆ ಓಡುತ್ತಿತ್ತು. ಎಣ್ಣೆ ಬದಲಾಯಿಸಿದೆ ಅಷ್ಟೇ ಎಂದರು. ನನ್ನ ಮುಖ ನೋಡಲಿಲ್ಲ.

ಎಣ್ಣೆ ಬದಲಿಸಿದರೆ ಸವೆದ ಹಲ್ಲು ಮತ್ತೆ ಬೆಳೆಯುತ್ತದಾ? ಡೌಟು ಬಂತು. ತೆಗೆದ ಎಣ್ಣೆ ಶೆಡ್ಡಿನಲ್ಲಿ ಎಲ್ಲೂ ಇರಲಿಲ್ಲ. ಸಂಜೆ ಪಕ್ಕದ ಮನೆ ಬಡಗಿ ಮಾಮ ಬೇಲಿಯಾಚೆಯಿಂದ, "ಏನಮ್ಮಾ, ನಿಮ್ಮಪ್ಪ ಮರದ ಪುಡಿ ಜರಡಿ ಹಿಡಿದು ತಗೊಂಡು ಹೋದ್ರು. ಮೊಲ ಗಿಲ ಸಾಕ್ತಿದೀರಾ?" ಎಂದರು. ಮೊಲಕ್ಕೆ ಯಾರಾದರೂ ಪುಡಿ ಜರಡಿ ಹಿಡಿಯುತ್ತಾರಾ?

ಮೊನ್ನೆ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಕಾರಿನಡಿ ನುಸುಳಿ, ಡಿಫರೆನ್ಷಿಯಲ್‌ಗೆ ಎಣ್ಣೆ ತುಂಬುವ ಬಿರಡೆ ತೆಗೆದು ಬೆರಳು ಹಾಕಿದೆ. ಅಂಟಿನ ಹಾಗಿತ್ತು; ಉಜ್ಜಿದರೆ ತರಿತರಿ. ಎಣ್ಣೆಗೆ ಬೆರೆಸಿದ ಮರದ ಪುಡಿ ಸದ್ದನ್ನು ನುಂಗುತ್ತದೆ, ಸವೆತವನ್ನಲ್ಲ. ಒಂದು ದಿನ ಓಡುತ್ತಿರುವಾಗಲೇ ಹಿಂದಿನ ಚಕ್ರಗಳು ಕಚ್ಚಿಕೊಂಡು ನಿಲ್ಲಬಹುದು.

ಕೊಳ್ಳುವವರು ಯಾರು ಗೊತ್ತಾ? ಕನ್ನಡಕದ ಅಂಗಡಿಯ ಅಂಕಲ್. ಹೆಂಡತಿಯನ್ನು ಕೂರಿಸಿಕೊಂಡು ಬೆಟ್ಟದ ಮೇಲಿರುವ ಮಗಳ ಮನೆಗೆ ಹೋಗುತ್ತಾರಂತೆ. ನಿನ್ನೆ ಬಂದು ಓಡಿಸಿ ನೋಡಿದರು; ಬರುವ ಭಾನುವಾರ ಒಯ್ಯುತ್ತಾರೆ. ಅಷ್ಟರೊಳಗೆ ನೀನು ಅಪ್ಪನಿಗೆ ಹೇಳು. ನಿನ್ನ ಮಾತು ತೆಗೆದುಹಾಕುವುದಿಲ್ಲ. ನಾನು ಹೇಳಿದೆ ಅನ್ನಬೇಡ.

ಭಾವನಿಗೆ ನಮಸ್ಕಾರ. ಪುಟ್ಟನಿಗೆ ನನ್ನ ಲೆಕ್ಕದಲ್ಲಿ ನಾಲ್ಕು ಮುತ್ತು ಕೊಡು.

ನಿನ್ನ ತಂಗಿ

ತಾ.ಕ.: ಒಂದನ್ನು ಮೇಲೆ ಬರೆಯಲಿಲ್ಲ. ನಿನ್ನೆ ಅಂಕಲ್ ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳಿದರು, "ನೀನು ಇದನ್ನೇ ಓದ್ತಿದೀಯಲ್ಲಮ್ಮ, ನೀನು ಹೇಳು. ನಂಬಿ ತಗೋಬಹುದಾ?" ಎಲ್ಲ ಗೊತ್ತಿದ್ದೂ, "ತಗೋಳಿ ಅಂಕಲ್" ಎಂದೆ. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು. ಎಂಟನೇ ವಯಸ್ಸಿಗೆ ನನ್ನನ್ನು ಹಾಸ್ಟೆಲ್‌ಗೆ ಬಿಟ್ಟು ಬಂದ ಮೇಲೆ ಇದೇ ಮೊದಲ ಸಲ. ಅಕ್ಕಾ, ಆ ಕೈ ತೆಗೆಯದಿದ್ದರೆ ಸಾಕು ಅನ್ನಿಸಿತು.