ಬ್ಯಾಡ ಅಂದದ್ದು ಖರೇನಾ, ಚಿಗವ್ವ?

ನನ್ನ ಚಿಗವ್ವನಿಗೆ, ನಿನ್ನ ಗಂಗಿ ಮಾಡುವ ನಮಸ್ಕಾರ.

ನಿನಗೆ ಓದು ಬರುತ್ತಿರಲಿಲ್ಲ. ಬದುಕಿದ್ದಾಗ ಮದುವೆ ಕಾರ್ಡು ಬಂದರೂ ನನ್ನ ಕೈಗೆ ಕೊಟ್ಟು ಓದಿಸಿಕೊಳ್ಳುತ್ತಿದ್ದವಳು ನೀನು. ಈಗ ಅಲ್ಲಿ ಯಾರಾದರೂ ಪುಣ್ಯಾತ್ಮರು ಓದಿ ಹೇಳಿಯಾರು ಅಂದುಕೊಂಡು ಬರೆಯುತ್ತಿದ್ದೇನೆ. ಕೇಳಬೇಕಾದದ್ದು ಒಂದೇ. ಶಹಾಪುರದ ಆ ವೃದ್ಧಾಶ್ರಮದಲ್ಲಿ ನೀನು ಹೊಟ್ಟೆ ತುಂಬ ಉಣ್ಣುತ್ತಿದ್ದೆಯಾ, ಇಲ್ಲವಾ? ಉತ್ತರ ಗೊತ್ತಾಗದೆ ನನ್ನ ತಲೆ ಕೆಟ್ಟುಹೋಗಿದೆ. ಮೊನ್ನೆ ಒಬ್ಬರ ಬ್ಲೌಸಿಗೆ ಎಡತೋಳನ್ನು ಬಲಕ್ಕೆ ಕೂಡಿಸಿ ಹೊಲಿದು ಬೈಸಿಕೊಂಡೆ.

ಆಶ್ರಮಕ್ಕೆ ಹೋಗುತ್ತೇನೆ ಅಂದವಳು ನೀನೇ, ನೆನಪಿದೆಯಾ? ಕೊಂಕಲ್‌ನಲ್ಲಿ ನಮ್ಮೂರ ಮನೆಯ ಬಚ್ಚಲ ಹತ್ತಿರ ನೀನು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದೆ. ನನ್ನ ಮನೆ ಅಂದರೆ ಯಾದಗಿರಿಯಲ್ಲಿ ನನ್ನ ಟೇಲರ್ ಅಂಗಡಿಯ ಮೇಲಿನ ಒಂದು ಕೋಣೆ. ಅದರ ಮೆಟ್ಟಿಲು ಹತ್ತಿದರೆ ನನಗೇ ಏದುಸಿರು ಬರುತ್ತದೆ. ಆದರೂ ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ನೀನು, ನಿನಗೆ ಬೇರೆ ಮಕ್ಕಳೂ ಇಲ್ಲ, ಹೇಗಾದರೂ ಮಾಡಿ ಹೊತ್ತೊಯ್ಯುತ್ತೇನೆ ಅಂತ ನಾನು ಹಟ ಹಿಡಿದೆ. "ಹೊತ್ತು ಒಯ್ಯಾಕ ನಾನೇನು ಜ್ವಾಳದ ಚೀಲೇನು? ಶಹಾಪುರದಾಗ ಎಲ್ಲಾ ನೆಲದ ಮ್ಯಾಲೇ ಅದಂತ. ಅಲ್ಲೇ ಇರ್ತೀನಿ ಬಿಡು" ಅಂತ ನೀನು ನನ್ನ ಬಾಯಿ ಮುಚ್ಚಿಸಿದೆ. ನಿನ್ನೊಂದಿಗೆ ವಾದ ಮಾಡಿ ಗೆದ್ದವರು ಯಾರಿದ್ದಾರೆ?

ನೋಡಲು ಬಂದಾಗಲೆಲ್ಲ ನಾನು ತಪ್ಪು ಹುಡುಕುವ ಕಣ್ಣಿನಿಂದಲೇ ನೋಡುತ್ತಿದ್ದೆ, ಸಿಗುತ್ತಿರಲಿಲ್ಲ. ಹಾಸಿಗೆ ಸ್ವಚ್ಛ. ತಲೆಗೆ ಎಣ್ಣೆ. ಉಗುರು ಕತ್ತರಿಸಿರುತ್ತಿದ್ದರು. ಮಲಗಿ ಮಲಗಿ ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗಲು ಬದಲಿಸುತ್ತಿದ್ದರು. ಆಶ್ರಮ ನೋಡಿಕೊಳ್ಳುವ ರೇಣುಕಾ ಮೇಡಂ ಹಾಸನದ ಕಡೆಯವರು, ನರ್ಸ್ ಕೆಲಸ ಮಾಡಿ ಬಂದವರು, ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಆದರೆ ನಾನೇ ಹೊಲಿದ ಬ್ಲೌಸು ನಿನ್ನ ಮೈಮೇಲೆ ಸಡಿಲವಾಗುತ್ತಲೇ ಹೋಯಿತು. ಡಾಕ್ಟರು ವಯಸ್ಸಾಯಿತಲ್ಲ ಅಂದರು. ನಾನು ಬಗಲಲ್ಲಿ ಮತ್ತೆ ಮತ್ತೆ ಹೊಲಿಗೆ ಹಾಕಿ ಕೊಟ್ಟೆ. ಹೋಳಿಗೆ ತಂದ ದಿನ "ಬ್ಯಾಡವ್ವ, ಈಗರ ಉಂಡೀನಿ" ಅಂತ ನೀನು ಮುಖ ತಿರುಗಿಸಿದೆ. "ನನ್ನಾಣಿ ಅದ, ತಿನ್ನು" ಅಂತ ನಾನು ಬೆನ್ನು ಹತ್ತಿದ ಮೇಲೆ ಎರಡು ತಿಂದೆ. ಅದು ಹಸಿವೆಯಾ? ನನ್ನ ಮುಖ ನೋಡಿ ತಿಂದದ್ದಾ?

ನೀನು ಹೋದ ಮೇಲೆ ನಿನ್ನ ಟ್ರಂಕು ತರಲು ಶಹಾಪುರಕ್ಕೆ ಹೋಗಿದ್ದೆ. ಪಕ್ಕದ ಮಂಚದ ಈರಮ್ಮ, ಆ ಕೆಂಭಾವಿಯ ಮುದುಕಿ, ದಿನಾ ನಿನ್ನ ಜೊತೆ ಕೂತು ಉಣ್ಣುತ್ತಿದ್ದಳಲ್ಲ, ನನ್ನ ಸೆರಗು ಹಿಡಿದು ಕೂರಿಸಿಕೊಂಡಳು.

"ನಿಮ್ಮ ಚಿಗವ್ವಗ ಇಲ್ಲಿ ಯಾರೂ ಒತ್ತಾಯ ಮಾಡ್ಲಿಲ್ಲವ್ವ. ಬ್ಯಾಡ ಅಂದ್ಲಂದ್ರ ಮುಂದಿನಾಕಿ ಕಡಿ ಹೋಗಿಬಿಡ್ತಾರ. ಮಂದಿ ಮನ್ಯಾಗ ಒಮ್ಮಿಗೇ ಹೂಂ ಅನ್ನಾಕ ಬರ್ತದೇನು?"

"ಮತ್ತ ನೀನರ ಮೇಡಂಗ ಹೇಳಬೇಕಿಲ್ಲೇನು ಆಯಿ?"

"ನಾ ಹೆಂಗ ಹೇಳ್ಲಿ? ನಾನೂ ಬ್ಯಾಡ ಅಂತಿರ್ತೀನಿ."

"ಹಂಗಾದ್ರ ನಿನಗೂ ಹೊಟ್ಟಿ ಹಸೀತದೇನು?"

"ಏ ಇಲ್ಲವ್ವ! ಹೊಟ್ಟಿ ಗಚ್ಚಾಗಿ ತುಂಬ್ಯಾದ!"

ನಗಬೇಕೋ ಅಳಬೇಕೋ ನೀನೇ ಹೇಳು. ಇದೇ ಮಾತನ್ನು, ಇದೇ ದನಿಯಲ್ಲಿ, ನೀನೂ ಹೇಳುತ್ತಿದ್ದೆ.

ಕೊಂಕಲ್‌ನ ಮದುವೆಗಳಲ್ಲಿ ಪಂಕ್ತಿಗೆ ಬಡಿಸಲು ನಿನ್ನನ್ನೇ ಮುಂದೆ ಬಿಡುತ್ತಿದ್ದರು. ಬೀಗರು ಬೇಡ ಬೇಡ ಅನ್ನುತ್ತಿರುವಾಗಲೇ ನೀನು ಹೋಳಿಗೆ ಇಟ್ಟು ತುಪ್ಪ ಸುರಿದು ಆಗಿರುತ್ತಿತ್ತು. ನನಗೂ ಆಗಲೇ ಕಲಿಸಿದ್ದೆ. "ಒಂದು ಕೈ ಅಡ್ಡ ಹಿಡದ್ರ ಹಾಕು. ಎರಡೂ ಕೈ ಹಿಡದು ತಾಟಿನ ಮ್ಯಾಲೆ ಬಗ್ಗಿದ್ರ ಖರೇನೇ ಬ್ಯಾಡ, ಬಿಟ್ಟುಬಿಡು." ಅದು ನೆನಪಾಗಿ ಈರಮ್ಮನನ್ನು ಕೇಳಿದೆ, ಚಿಗವ್ವ ಒಂದು ಕೈ ಹಿಡಿಯುತ್ತಿದ್ದಳಾ, ಎರಡಾ ಅಂತ. "ಮೊದ್ಲ ಮೊದ್ಲ ಒಂದು. ಆಮ್ಯಾಲ ಎರಡು. ಕಡೀಕ ಆಕಿಗಿ ಕೈ ಎತ್ತಾಕರ ಎಲ್ಲಿ ಆಗ್ತಿತ್ತವ್ವ?" ಅಂದಳು. ಉಣ್ಣದೆ ಕಸುವು ಹೋಯಿತೋ, ಕಸುವು ಹೋಗಿ ಉಣ್ಣದಾದೆಯೋ, ಯಾವುದು ಮೊದಲು ಅಂತ ನಾನು ಯಾರನ್ನು...

ಸಿಟ್ಟು ನೆತ್ತಿಗೇರಿ ಮೇಡಂ ಕೋಣೆಗೆ ನುಗ್ಗಿದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ. "ನೀವು ನಮ್ಮ ಚಿಗವ್ವನ್ನ ಉಪವಾಸ ಕೆಡವೀರಿ" ಅಂದುಬಿಟ್ಟೆ. ಅವರು ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ.

"ಗಂಗಮ್ಮ, ನಾನು ಮೊದಲು ಕೆಲಸಕ್ಕಿದ್ದ ಕಡೆ ಬೇಡ ಬೇಡ ಅಂತ ಅಳೋರ ಬಾಯಿಗೆ ಅನ್ನ ತುರುಕೋರು. ಗಂಟಲಿಗೆ ಸಿಕ್ಕಿ ಒಬ್ಬ ಅಜ್ಜಿ ನನ್ನ ಕಣ್ಣೆದುರೇ ಹೋದ್ರು. ಬೇಡ ಅಂದವರಿಗೆ ಬಲವಂತ ಮಾಡಲ್ಲ ಅಂತ ಅವತ್ತೇ ಅಂದ್ಕೊಂಡೆ. ಅವರ ಮಾತಿಗೆ ಬೆಲೆ ಕೊಡಬೇಕಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು.

"ಸೊರಗ್ತಿದ್ದಾರೆ ಅಂತ ಗಂಜಿ ಮಾಡಿಸ್ದೆ, ಹಾಲು ಕೊಡಿಸ್ದೆ. ಅದಕ್ಕೂ ಬೇಡ ಅಂದ್ರು. ನೀವೇ ಹೇಳಿ, ಎಷ್ಟು ಸಲ ಕೇಳಬೇಕಿತ್ತು ನಾನು?"

ಎಷ್ಟು ಸಲ, ಚಿಗವ್ವ? ಅವರು ನಿನ್ನ ಮಾತು ನಂಬಿದರು. ನಮ್ಮ ಕಡೆ ಊಟಕ್ಕೆ ಕೂತವರ ಮಾತನ್ನು ಹಾಗೆ ನಂಬುವವರು ಯಾರು? ಆದರೆ ನಂಬಿದ್ದು ತಪ್ಪು ಅಂತ ಅವರ ಮುಖದ ಮೇಲೆ ಹೇಳಲು ನನ್ನಿಂದ ಆಗಲಿಲ್ಲ. ಅವರ ಮೇಲೆ ಸಿಟ್ಟಾಗಲೋ, ನಿನ್ನ ಮೇಲಾಗಲೋ ತಿಳಿಯದೆ ಆ ಕುರ್ಚಿಯಲ್ಲಿ ಕೂತು ಅತ್ತೆ. ಅವರೂ ಕಣ್ಣು ಒರೆಸಿಕೊಂಡು "ನೀವೇ ಬಂದು ಬಡಿಸಿ ತೋರಿಸಿ, ಕಲೀತೀನಿ" ಅಂದರು.

ಅಂಗಡಿ ರಜೆಯ ದಿನ ಹೋಗಿ ಮಧ್ಯಾಹ್ನ ಬಡಿಸಲು ಶುರು ಮಾಡಿದೆ. ಮೊದಲ ದಿನವೇ ಪೆಟ್ಟು ತಿಂದೆ. ಸುರಪುರದ ಮಾಸ್ತರು ಒಬ್ಬರಿದ್ದಾರೆ, ರಿಟೈರಾಗಿ ಬಹಳ ವರ್ಷವಾಗಿದೆ. ಒಂದೇ ಕೈ ಅಡ್ಡ ಹಿಡಿದರು. ನಿನ್ನ ಲೆಕ್ಕದಂತೆ ರೊಟ್ಟಿ ಹಾಕಿದೆ. ಅವರು ತಾಟು ನೂಕಿದರು. "ಬ್ಯಾಡ ಅಂದದ್ದು ಕೇಳಸ್ಲಿಲ್ಲೇನು? ಏಳೂದು ನಿಮ್ಮ ಟೈಮಿಗೆ, ಮಕ್ಕೊಳ್ಳೂದು ನಿಮ್ಮ ಟೈಮಿಗೆ. ಉಣ್ಣೂದರ ನನ್ನ ಮನಸಿನಂಗ ಇರ್ಲಿ!" ಹಿಂದೆ ನಿಂತಿದ್ದ ಮೇಡಂ ಬಂದು ಆ ರೊಟ್ಟಿ ತೆಗೆದುಕೊಂಡು ಹೋದರು, ಅದೇ ಹೆಚ್ಚು ಚುಚ್ಚಿತು. ಮಾಸ್ತರು ಹೇಳಿದ್ದರಲ್ಲಿ ತಪ್ಪೇನಿದೆ? ನೀನೂ ಹೀಗೇ ಮನಸಾರೆ ಬೇಡ ಅಂದಿರಬಹುದಲ್ಲ? ಅದೂ ನನಗೆ ಗೊತ್ತಿಲ್ಲ.

ಈರಮ್ಮನ ತಾಟಿಗೆ ಮಾತ್ರ ಪ್ರತಿ ಸಲ ಒತ್ತಾಯ ಮಾಡಿಯೇ ಹಾಕುತ್ತಿದ್ದೆ. ನನ್ನನ್ನು ಬೈಯುತ್ತ ಬೈಯುತ್ತ ಎಲ್ಲ ಉಣ್ಣುತ್ತಿದ್ದಳು. ನಾನಿಲ್ಲದ ದಿನ ಮೇಡಂ ತಾವೇ ಪಕ್ಕದಲ್ಲಿ ಕೂತು "ಇನ್ನೊಂಚೂರು ಹಾಕ್ಲಾ ಅಮ್ಮ" ಅನ್ನುತ್ತಾರಂತೆ. ಬಡಿಸುವ ಹುಡುಗಿಯರಿಗೂ ಹೇಳಿಕೊಟ್ಟಿದ್ದಾರೆ: ಕೇಳಿ, ತಡೆಯಿರಿ, ಮುಖ ನೋಡಿ, ಮತ್ತೆ ಕೇಳಿ. ಇದು ಸರಿಯೋ ತಪ್ಪೋ ಅವರಿಗೂ ಪೂರ್ತಿ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಿನಗೆ ಹೇಳಬೇಕಾದ ಸುದ್ದಿ ಇದು. ಹೋದ ವಾರ ಪುಂಡಿಪಲ್ಯ ಮಾಡಿದ್ದರು. ನಾನು ಆ ತುದಿಯಲ್ಲಿ ಬಡಿಸುತ್ತಿದ್ದೆ. ಈ ತುದಿಯಿಂದ ಈರಮ್ಮ ಇಡೀ ಹಾಲಿಗೆ ಕೇಳುವಂತೆ ಕೂಗಿದಳು: "ಏ ಗಂಗೀ, ಪಲ್ಯ ಇತ್ತಾಗ ತಾ! ನನಗಿನ್ನೂ ಹೊಟ್ಟಿ ತುಂಬಿಲ್ಲ!" ಎಲ್ಲರೂ ತಿರುಗಿ ನೋಡಿದರು. ಕೂಗಿದವಳಿಗೇ ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಓಡಿದೆ, ಮೇಡಂ ನನಗಿಂತ ಮುಂಚೆ ಓಡಿದರು. ಆಕೆ ಉಣ್ಣುವುದನ್ನು ನೋಡುತ್ತ ನಿಂತೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆಕೆಯ ಪಕ್ಕದಲ್ಲಿ ನೀನಿಲ್ಲದ ಜಾಗ ಕಣ್ಣಿಗೆ ಬಿತ್ತು.

ಆಶ್ರಮದಲ್ಲಿ ಕೇಳಿ ಹಾಕಿಸಿಕೊಂಡು ಉಂಡರೆ ಯಾರೂ ಏನೂ ಅನ್ನುವುದಿಲ್ಲ ಚಿಗವ್ವ. ನಿನಗೆ ಇದನ್ನು ಯಾರೂ ಹೇಳಲಿಲ್ಲ.