ಮೆತ್ತನೆ ಸದ್ದಿನ ತಟ್ಟೆಗಳು

ಶಹಾಪುರ, ಬೆಳಗಾವಿ
ಬುಧವಾರ, ೯ ಆಗಸ್ಟ್ ೨೦೦೦

ಪ್ರೀತಿಯ ಗಜಾನನ ಅಣ್ಣನಿಗೆ ನಿನ್ನ ತಂಗಿ ಮನಿಷಾ ಮಾಡುವ ನಮಸ್ಕಾರ.

ನೀನು, ವೈನಿ, ಅವ್ವ ಎಲ್ಲರೂ ಹೇಗಿದ್ದೀರಿ? ಜಾಂಬೋಟಿಯಲ್ಲಿ ಹದಿನೈದು ದಿನದಿಂದ ಬಿಸಿಲೇ ಬಿದ್ದಿಲ್ಲ ಎಂದು ಬಸ್ಸಿನವರು ಹೇಳುತ್ತಾರೆ. ಕಾಡು ಕಾಯುವ ನೌಕರಿ ನಿನ್ನದು, ದಿನವಿಡೀ ತೊಯ್ದ ಬೂಟಿನಲ್ಲೇ ತಿರುಗುತ್ತೀ. ಬೆರಳ ಸಂದಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಅವ್ವನ ಕೆಮ್ಮು ಇಳಿಯಿತೇ? ಔಷಧದ ಬಾಟಲಿಯನ್ನು ಅಕ್ಕಿ ಡಬ್ಬಿಯ ಹಿಂದೆ ಮುಚ್ಚಿಟ್ಟು ಕುಡಿದೆ ಎನ್ನುವುದು ಅವಳ ಚಟ, ವೈನಿಗೆ ಹೇಳಿಡು. ನಾನು ಆರಾಮ ಇದ್ದೇನೆ. ಶ್ರಾವಣ ಬಂದದ್ದರಿಂದ ಹೊಲಿಯುವ ಬ್ಲೌಸುಗಳು ರಾಶಿ ಬಿದ್ದಿವೆ.

ನಮ್ಮ ತಮ್ಮ ಸಂಜಯನ ವಿಷಯ ಬರೆಯಲು ಕೂತಿದ್ದೇನೆ. ಅವನು ವಾರವಿಡೀ ಮಚ್ಛೆಯ ಎರಕದ ಕಾರ್ಖಾನೆಯಲ್ಲಿ ದುಡಿದು, ಹಬ್ಬ ಬಂದರೆ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುವುದು ನಿನಗೆ ಗೊತ್ತೇ ಇದೆ. ನೀನು ಡೊಳ್ಳು ಕಟ್ಟಿಕೊಂಡರೆ ಅವನು ಹಿಂದೆ ನಿಂತು ಡಬ್ಬಿ ಬಡಿಯುತ್ತಿದ್ದನಲ್ಲ, ಆ ಹುಚ್ಚು ಈ ವಯಸ್ಸಿಗೂ ಇಳಿದಿಲ್ಲ. ಗಣಪತಿಗೆ ಇನ್ನು ಮೂರು ವಾರ, ದಿನಾ ಸಂಜೆ ಮನೆಯಲ್ಲೇ ತಾಲೀಮು. ಹೋದ ತಿಂಗಳು ಕೆಳಗಡೆ ಮಗ್ಗ ನಡೆಸುವ ಮನೆಯ ಮಾಲೀಕ ಬಸಲಿಂಗಪ್ಪನವರು ಮೆಟ್ಟಿಲು ಹತ್ತಿ ಬಂದರು. ಅವರ ಸೊಸೆ ಸಾಕ್ಷಿ ಹಡೆದು ಬಂದಿದ್ದಾಳೆ, ಎಳೆಗೂಸು ಬೆಚ್ಚಿ ಬೀಳುತ್ತದಂತೆ. “ನಮ್ಮ ಮಗ್ಗಾನೂ ಸಪ್ಪಳ ಮಾಡತಾವ, ಇಲ್ಲ ಅನ್ನೂದಿಲ್ಲ. ಆದ್ರ ನಿಮ್ಮ ತಮ್ಮ ಮೊದಲ ಹಿಂಗ ಬಾರಸ್ತಿರಲಿಲ್ಲವಾ. ಈಗೀಗ ಸಿಟ್ಟಿನಾಗ ಬಡದಂಗ ಬಡೀತಾನ,” ಎಂದರು. ಜೋರು ಮಾಡಲಿಲ್ಲ, ಬೇಜಾರಿನಿಂದ ಹೇಳಿದರು. ನನಗೆ ಅವರ ಮೇಲೆಯೇ ಸಿಟ್ಟು ಬಂತು. ಅವರು ಹೇಳಿದ್ದರಲ್ಲಿ ಏನಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಡೋಲುಗಳ ಮೇಲೆ ಹಳೆಯ ರಗ್ಗು ಹಾಸಿದೆವು, ಅವು ತಣ್ಣಗಾದವು. ಉಳಿದದ್ದು ಸಿಂಬಲ್, ಅಂದರೆ ಕಂಬದ ಮೇಲೆ ಕೂರಿಸುವ ಹಿತ್ತಾಳೆ ತಟ್ಟೆ. ಅದಕ್ಕೆ ಬಟ್ಟೆ ಸುತ್ತಿದರೆ ಕೋಲು ಪುಟಿಯುವುದಿಲ್ಲ, ಕೈ ಕೆಡುತ್ತದೆ ಎಂದ. ಹಾಗಾಗಿ ಭಾನುವಾರ ಇಬ್ಬರೂ ಪೇಟೆಯಲ್ಲಿ ಬ್ಯಾಂಡಿನ ಸಾಮಾನು ಮಾರುವ ಮಾಯಪ್ಪನವರ ಅಂಗಡಿಗೆ ಹೋದೆವು. ಮನೆಯಲ್ಲಿ ತಾಲೀಮು ಮಾಡುವವರಿಗೆಂದೇ ಅವರು ಮೂರು ನಮೂನೆ ಇಟ್ಟಿದ್ದರು. ಒಂದು ಬರೀ ರಬ್ಬರಿನದು, ಹೊಡೆದರೆ ಚಪ್ಪಲಿ ಕೊಡವಿದ ಹಾಗೆ. ಇನ್ನೊಂದು ಪ್ಲಾಸ್ಟಿಕ್ಕಿನದು. ಮೂರನೆಯದು ಹಿತ್ತಾಳೆಯದೇ, ಆದರೆ ಮೈತುಂಬ ಸಣ್ಣ ತೂತು ಕೊರೆದು ಸದ್ದು ಇಳಿಸಿದ್ದರು. ಅದನ್ನು ಬಾರಿಸಿದರೆ ಮೊರದಲ್ಲಿ ಅಕ್ಕಿ ಜಾರಿದಂಥ ದನಿ. ನನಗೆ ಅದೇ ಹಿಡಿಸಿತು. ಸಂಜಯ ನಮ್ಮ ಕಡೆ ಬೆನ್ನು ಮಾಡಿ ಒಂದು ಸ್ಟ್ಯಾಂಡಿನ ತಿರುಪು ನೋಡುತ್ತಿದ್ದ. ಮಾಯಪ್ಪನವರು ತೂತಿನ ತಟ್ಟೆಯನ್ನು ಎರಡು ಸಲ ಬಾರಿಸಿದ ಮೇಲೆ, ತಿರುಗದೆಯೇ, “ಹೂಂ, ಬಾರಸ್ರಿ, ಕೇಳೂಣು,” ಎಂದ.

ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ತಾನೇ ಬಂದು ಕೋಲು ತಗೊಂಡು ಅದಕ್ಕೆ ಹೊಡೆದ, ಮತ್ತೆ ಜೋರಾಗಿ ಹೊಡೆದ. “ಇದು ಒಡದೈತೇನ್ರಿ? ದನೀನ ಇಲ್ಲಲ್ಲ,” ಎಂದ. ಬದಿಯಲ್ಲಿ ಮದುವೆ ಬ್ಯಾಂಡಿನವರ ದೊಡ್ಡ ಸಿಂಬಲ್ ನೇತಾಡುತ್ತಿತ್ತು. ಅವನು ಅದನ್ನು ಬಾರಿಸಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸು ನಿಂತು ಒಳಗೆ ನೋಡಿದಳು. ಸಂಜಯ ಮಾತ್ರ ತಲೆಯಾಡಿಸಿ, “ಇದು ಮೆತ್ತಗೈತಿ ಅಕ್ಕಾ, ಕೂಸಿಗೆ ತ್ರಾಸ ಆಗೂದಿಲ್ಲ, ಇದನ್ನ ಒಯ್ಯೂಣು,” ಎಂದ. ಮಾಯಪ್ಪನವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಣ್ಣಾ, ನಾನು ತೂತಿನ ತಟ್ಟೆಗಳನ್ನೇ ಕಟ್ಟಿಸಿಕೊಂಡು ಬಂದೆ.

ಮನೆಯಲ್ಲಿ ಅವನ್ನು ಕೂರಿಸಿ ಬಾರಿಸಲು ಕುಳಿತ. ಒಂದು ಕೈಯಲ್ಲಿ ಹೊಡೆದು ಇನ್ನೊಂದು ಕೈಯ ಬೆರಳನ್ನು ತಟ್ಟೆಯ ಅಂಚಿಗೆ ಹಿಡಿಯುತ್ತಿದ್ದ, ನಡುಕ ಹತ್ತಿತೋ ಇಲ್ಲವೋ ನೋಡಲು. ನಾನು ಅವನ ಹಿಂದೆ ನಿಂತು ಸ್ಟೀಲಿನ ತಂಬಿಗೆ ಕೆಡವಿದೆ. ಕೆಳಗಡೆ ಕೂಸು ಎದ್ದು ಅತ್ತಿತು, ಇವನ ಕತ್ತು ತಿರುಗಲಿಲ್ಲ. ಮುಂದೆ ಹೋಗಿ ನಿಂತಾಗ ನನ್ನ ಮುಖ ಕಂಡು ಕೋಲು ಕೆಳಗಿಟ್ಟ. ಒಂದು ವರ್ಷದಿಂದ ಕಿವಿ ಹೀಗಾಗಿದೆಯಂತೆ. ಎರಕದ ತುಂಡುಗಳನ್ನು ಸಾಣೆ ಹಿಡಿಯುವ ಸದ್ದಿನಲ್ಲಿ ಆರು ವರ್ಷ ನಿಂತಿದ್ದಾನೆ. ಮೊದಲು ಹಕ್ಕಿಯ ದನಿ ಹೋಯಿತಂತೆ, ಆಮೇಲೆ ಗಂಟೆಯ ದನಿ. ಈಗ ತುಟಿ ನೋಡಿ ಮಾತು ತಿಳಿಯುತ್ತಾನೆ. “ಯಾರ ಮುಂದೂ ಹೇಳಬ್ಯಾಡ, ಅವ್ವನ ಆಣಿ. ಗೊತ್ತಾತಂದ್ರ ಕೆಲಸದಿಂದ ತಗೀತಾರ,” ಎಂದು ನನ್ನ ಕೈ ಹಿಡಿದುಕೊಂಡ. ನಾನು ಹೂಂ ಎಂದೆ. ಎರಡು ತಿಂಗಳ ಹಿಂದೆ ಅವನನ್ನು ಸಾಣೆಯಿಂದ ಕ್ರೇನಿನ ಕೆಳಗೆ ಹಾಕಿದ್ದಾರೆ. ಕಾದ ಲೋಹ ತುಂಬಿದ ದೊಡ್ಡ ಬಕೀಟು ತಲೆಯ ಮೇಲೆ ಹಾಯುತ್ತದೆ, ಹಾಯುವ ಮೊದಲು ಗಂಟೆ ಹೊಡೆಯುತ್ತಾರೆ, ಗಂಟೆ ಕೇಳಿದವರು ಸರಿಯಬೇಕು. ನೀನು ಹೇಗೆ ಸರಿಯುತ್ತೀ ಎಂದು ಕೇಳಿದೆ. “ದುಂಡಪ್ಪ ಮಾಮಾ ಬಾಜೂಕ ಇರ್ತಾನ, ಹೆಗಲ ಮುಟ್ಟತಾನ,” ಎಂದ.

ಮೂರು ದಿನದಿಂದ ಇದೇ ನನ್ನ ತಲೆಯಲ್ಲಿದೆ. ಅವನು ಸೈಕಲ್ ಏರಿ ಹೋದ ಮೇಲೆ ಹೊಲಿಗೆ ನೆಟ್ಟಗೆ ಬರುವುದಿಲ್ಲ. ಕೆಳಗೆ ಕೂಸು ಈಗ ಚೆನ್ನಾಗಿ ಮಲಗುತ್ತದೆ, ಬಸಲಿಂಗಪ್ಪನವರು ಎರಡು ಸಲ ಉಪಕಾರ ನೆನೆದರು. ಏನು ಮಾಡಲಿ ಎಂದು ನೀನು ಬರೆದು ತಿಳಿಸು. ಅವ್ವನಿಗೆ ಮಾತ್ರ ಓದಿ ಹೇಳಬೇಡ. ಅವಳಿಗೂ ವೈನಿಗೂ ನನ್ನ ನಮಸ್ಕಾರ ಮುಟ್ಟಿಸು. ಹಳ್ಳ ದಾಟುವಾಗ ಜ್ವಾಕಿ.

ನಿನ್ನ ತಂಗಿ,
ಮನಿಷಾ

ತಾ.ಕ.: ಶುಕ್ರವಾರ ಮಧ್ಯಾಹ್ನ. ಪತ್ರವನ್ನು ಟಪಾಲಿಗೆ ಹಾಕಲಿಲ್ಲ, ಜಾಂಬೋಟಿ ಬಸ್ಸಿನ ಕಂಡಕ್ಟರ್ ಭರಮಪ್ಪನ ಕೈಲಿ ಕೊಡುತ್ತಿದ್ದೇನೆ. ನಿನ್ನೆ ಸಂಜೆ ದುಂಡಪ್ಪ ಮಾಮಾ ತಾನಾಗಿ ಮನೆಗೆ ಬಂದ. ಸೋಮವಾರದಿಂದ ಅವನಿಗೆ ಬೇರೆ ಪಾಳಿ. “ಇನ್ನ ನಾ ಇರೂದಿಲ್ಲವಾ, ಏನರ ಮಾಡು,” ಎಂದು ನೀರೂ ಕುಡಿಯದೆ ಹೋದ. ಇವತ್ತು ಬೆಳಿಗ್ಗೆ ನಾನು ಮಚ್ಛೆಗೆ ಹೋಗಿ ಕಾರ್ಖಾನೆಯ ಸಾಹೇಬರಿಗೆ ಎಲ್ಲವನ್ನೂ ಹೇಳಿಬಂದೆ. ಕ್ರೇನಿನ ಕೆಳಗೆ ಇನ್ನು ಬಿಡುವುದಿಲ್ಲ ಎಂದರು. ಬೇರೆ ಕೆಲಸದ ಮಾತು ಎತ್ತಿದೆ, ಅವರು ಕಾಗದ ತಿರುವುತ್ತ ಕೂತರು. ಇವತ್ತು ಸಂಜೆ ಐದಕ್ಕೆ ಅವನನ್ನು ಕರೆದು ಹೇಳುತ್ತಾರಂತೆ. ಅಷ್ಟರೊಳಗೆ ನೀನು ಬಂದು ಮುಟ್ಟುವುದಿಲ್ಲ, ಗೊತ್ತಿದೆ. ಆದರೂ ಸಿಕ್ಕ ಗಾಡಿ ಹತ್ತಿ ಬಾ. ಯಾರು ಹೇಳಿದರು ಎಂದು ಅವನು ಕೇಳಿದರೆ, ಅವನೆದುರು ನಿಂತು, ನನ್ನ ತುಟಿ ಕಾಣುವ ಹಾಗೆ, ನಾನೇ ಎನ್ನುತ್ತೇನೆ.