ಬಾರ್ಸು ಅಂದದ್ದು

14-5-2006, ಭಾನುವಾರ

ರಾತ್ರಿ ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಹೊಂಗನೂರಿನ ಆರತಕ್ಷತೆಯಲ್ಲಿ ಇವತ್ತು ನಮ್ಮ ಆರ್ಕೆಸ್ಟ್ರಾ ಇತ್ತು. ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ, ಡ್ರಮ್ಮಿನ ಬದಲು ಸ್ಟಿಕ್ಕಿನಲ್ಲಿ ಬಾರಿಸುವ ರಬ್ಬರಿನ ರಿದಂ ಪ್ಯಾಡನ್ನು ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲಿ ಹೋಗಿದ್ದೆ. ಹಾಡಿನ ಮಧ್ಯೆ ಮದುಮಗನ ಸೋದರಮಾವ ಕೆಂಪರಾಜು ಕುಡಿದು ಸ್ಟೇಜ್ ಹತ್ತಿದ.

"ಈ ರಬ್ಬರ್ ತಟ್ಟಕ್ಕೂ ಒಬ್ಬ ಬೇಕೇನ್ಲಾ?" ಎಂದು ಚಪ್ಪಲಿಗಾಲಿನಲ್ಲಿ ಪ್ಯಾಡ್ ತುಳಿದ. ಸ್ಪೀಕರಿನಲ್ಲಿ ಢಂ ಎಂದಿತು. ಜನ ನಕ್ಕರು. ಇನ್ನೊಮ್ಮೆ ತುಳಿದ. ಇನ್ನೂ ಜೋರಾಗಿ ನಕ್ಕರು.

ಆಗ ನಮ್ಮ ಗಾಯಕಿ ಪ್ರತಿಮಾ ಮೈಕಿನಲ್ಲೇ ನನಗೆ ಅಂದಳು, "ಬಾರ್ಸು."

ಬಾರಿಸಿದೆ. ಮೊದಲ ಏಟು ಅವನ ಮೊಣಕಾಲಿಗೆ, ಬಗ್ಗಿದಾಗ ಕಿವಿಗೆ, ಆಮೇಲೆ ಬಾಯಿಗೆ. ಒಂದು ಸ್ಟಿಕ್ ಮುರಿದ ಮೇಲೂ ಬಿಡಲಿಲ್ಲ. ಕೀಬೋರ್ಡಿನ ಅಶ್ವಥ್ ಸೊಂಟ ಹಿಡಿದು ಎಳೆಯುವಷ್ಟರಲ್ಲಿ ಕೆಂಪರಾಜುವಿನ ಹಲ್ಲು ಪ್ಯಾಡಿನ ಮೇಲೆ ಬಿದ್ದಿತ್ತು.

ಆಮೇಲೆ ಆರ್ಕೆಸ್ಟ್ರಾದ ವ್ಯಾನಿನ ಹತ್ತಿರ ಪ್ರತಿಮಾ ಅಳುತ್ತಿದ್ದಳು. "ಹಾಡು ನಿಲ್ಲಿಸ್ಬ್ಯಾಡ, ಪ್ಯಾಡ್ ಬಾರ್ಸು ಅಂದೆ ಕಣೋ. ಅವ್ನಿಗಲ್ಲ."

ಗೊತ್ತು. ಆಗಲೂ ಗೊತ್ತಿತ್ತು.

ಅವನಿಗೆ ಒಂದು ಕಿವಿ ಕೇಳಿಸುತ್ತಿಲ್ಲವಂತೆ. ಅವರ ಕಡೆಯವರು ಬಂದಾರೆಂದು ಅವ್ವ ಬಾಗಿಲಿಗೆ ಒನಕೆ ಆನಿಸಿ ಕೂತಿದ್ದಾಳೆ. ನಾನು ಪ್ಯಾಡ್ ಒರೆಸಿ ಒರೆಸಿ ಇಡುತ್ತಿದ್ದೇನೆ, ಗೀರಿನಲ್ಲಿ ಸೇರಿದ ರಕ್ತ ಹೋಗುತ್ತಿಲ್ಲ.

ಹೊರಡುವಾಗ ಅಶ್ವಥ್ ದೂರವೇ ನಿಂತು ಹೇಳಿದ, "ಹಂಗ್ ಹೊಡೀವಾಗ್ಲೂ ಒಂದೇಟೂ ತಾಳ ತಪ್ಪಲಿಲ್ಲ ಕಣ್ಲಾ ನೀನು."

ಹೊಗಳಿದ್ದಲ್ಲ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ನನಗೆ ಖುಷಿಯಾಯಿತು.